ಎರಡು ಮೊಳದ ಗೋಡೆ

ಗುಡ್ಡದ ಮೇಲಿನ ಸನ್ಯಾಸಿಮಠದಲ್ಲಿ ಮರದ ಚರ್ಚು ಸುಟ್ಟುಹೋದ ಮೇಲೆ, ಕಲ್ಲಿನದನ್ನು ಕಟ್ಟಲು ಕಲ್ಲುಕುಟಿಗ ಗೆರೋಲ್ಡನನ್ನು ಕರೆಸಿದ್ದರು. ಕಲ್ಲಿನ ಕಮಾನು ಚಾವಣಿ ನಿಲ್ಲಬೇಕಾದರೆ ಗೋಡೆ ನಾಲ್ಕು ಮೊಳ ದಪ್ಪ ಇರಬೇಕು ಎಂದ ಅವನು.

"ಎರಡೇ ಮೊಳ ಸಾಕು," ಎಂದರು ಮಠದ ಹಿರಿಯ ಗುರುಗಳು. "ಚಾವಣಿ ಹೊರೋದು ದೇವರು. ನಿನಗೆ ನಂಬಿಕೆ ಕಡಿಮೆ, ಅದಕ್ಕೇ ಕಲ್ಲು ಜಾಸ್ತಿ ಕೇಳ್ತೀಯ."

ಗೆರೋಲ್ಡ್ ಹಲ್ಲು ಕಚ್ಚಿಕೊಂಡು ಹೇಳಿದಷ್ಟೇ ಕಟ್ಟಿದ. ಕಮಾನಿನಡಿ ಕೊಟ್ಟಿದ್ದ ಮರದ ಆಸರೆ ಬಿಚ್ಚುವ ದಿನ ಅವನು ಸುತ್ತಿಗೆ ಹಿಡಿದು ಚಾವಣಿಯ ಕೆಳಗೆ ನಿಂತಿದ್ದ. ಗುರುಗಳು ಬಾಗಿಲಾಚೆ ನಿಂತು ಆಶೀರ್ವದಿಸುತ್ತಿದ್ದರು.

"ಸ್ವಾಮಿ, ನನ್ನ ನಂಬಿಕೆ ಸಾಲದು ಅಂದಿದ್ರಲ್ಲ. ಒಳಗೆ ಬಂದು ನನ್ನ ಪಕ್ಕ ನಿಂತ್ಕೊಳ್ಳಿ, ಬಿಚ್ತೀನಿ."

ಗುರುಗಳು ಚಾವಣಿಯನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು.

"ಮರ ಹಾಗೇ ಇರಲಿ ಬಿಡಪ್ಪಾ. ದೇವರೊಬ್ಬನೇ ಎಷ್ಟೂಂತ ಹೊರ್ತಾನೆ?"