ಅಜ್ಜ ಕಚ್ಚಿದ ಗುಂಡು

ಆಲಮಟ್ಟಿಯ ನಮ್ಮ ಅಂಗಳದಲ್ಲಿ ಮನೆಯವರು ಮೀನಿನ ಬಲೆಗೆ ಸೀಸದ ಗುಂಡು ಕಚ್ಚಿ ಬಿಗಿಯುವಾಗ, ನನಗೆ ಈಗಲೂ ತವರೂರು ಮಸೂತಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮಜ್ಜ ಕಾಡುಹಂದಿ ಹೊಡೆಯುತ್ತಿದ್ದ. ಬಂದೂಕಿನ ಬಾಯಿಗೆ ಮದ್ದು ಸುರಿದು, ಗಜದ ಕೋಲಿನಿಂದ ಜಡಿದು, ಗುಂಡನ್ನು ಒಮ್ಮೆ ಕಚ್ಚಿಯೇ ಒಳಗೆ ಹಾಕುತ್ತಿದ್ದ. ಯಾರ ಗುಂಡು ತಾಗಿತೆಂದು ಬೇಟೆಗಾರರಲ್ಲಿ ಜಗಳ ಬರಬಾರದಲ್ಲ. ಅವನಿಗೆ ಮುಂದಿನ ಒಂದು ಹಲ್ಲಿರಲಿಲ್ಲ; ನಡುವೆ ಸಂದು ಬಿಟ್ಟ ಆ ಗುರುತು ಅವನೊಬ್ಬನದೇ.

ಆ ಮಧ್ಯಾಹ್ನಕ್ಕೆ ಒಂದು ವರ್ಷ ಮುಂಚೆ, "ಹಂದಿಗಿ ಗುಂಡು ತಾಗೇತಿ, ಹುಡುಕ್ಕೊಂಡು ಬರ್ತೇನಿ, ಬಾಗಲಾ ಹಾಕಬ್ಯಾಡ" ಎಂದು ಅಜ್ಜಿಗೆ ಹೇಳಿ ಹೋದವನು ಬರಲೇ ಇಲ್ಲ. ಊರವರು ಹುಡುಕಿ ಸೋತರು. ಅಜ್ಜಿ ವರ್ಷವಿಡೀ ಬಾಗಿಲು ಹಾಕಲಿಲ್ಲ. ಕಳ್ಳರು ಬರಲಿಲ್ಲ, ಅದೂ ದೇವಿಯ ಕೃಪೆಯೇ.

ವರ್ಷ ಕಳೆದ ಮೇಲೆ, ನಾನು ಹೇಳಿದ ಆ ದಿನ, ಕಾಕಾ ಕಬ್ಬಿನ ಹೊಲದಲ್ಲಿ ಹಂದಿ ಹೊಡೆದು ತಂದ. ಕೂದಲು ಸುಟ್ಟು ಹೆರೆದು, ಅವ್ವ ಕೆಂಪು ಖಾರ ಹಾಕಿ ಬೇಯಿಸಿದಳು. ನಾನು ಮೊದಲ ತುಂಡು ಕಚ್ಚಿದೆ. ಕಟ್ಟೆಂದಿತು. ದೇವರು ದೊಡ್ಡವನು, ಹಲ್ಲು ಮುರಿಯಲಿಲ್ಲ. ಉಗುಳಿದರೆ ಸೀಸದ ಗುಂಡು.

ಕಾಕಾ ನಕ್ಕ. "ವೈನಿ, ಉಪ್ಪು ಸಾಲದಂತ ಗುಂಡು ಹಾಕೀರೇನು?"

"ನಿಂದಽ ಇರಬೇಕು ನೋಡು," ಎಂದಳು ಅವ್ವ.

"ನಂದು ಕೊಯ್ಯೂ ಮುಂದಽ ತಗದೇನಲ್ಲ," ಎಂದ ಕಾಕಾನ ನಗು ನಿಂತಿತು.

ಅಜ್ಜಿ ಗುಂಡನ್ನು ಸೆರಗಿನಿಂದ ಒರೆಸಿ ಬೆರಳಾಡಿಸಿದಳು. ಹಲ್ಲಿನ ಗುರುತು, ನಡುವೆ ಒಂದು ಸಂದು.

"ಬಂದ್ರೇನು?" ಎಂದು ಗುಂಡನ್ನೇ ಕೇಳಿದಳು.

ನಮ್ಮ ಸಾಲಿನಲ್ಲಿ ಇನ್ನೊಂದು ತಾಟು ಹಾಕಿ, ಅದರೊಳಗೆ ಗುಂಡನ್ನಿಟ್ಟು, ಪಕ್ಕಕ್ಕೆ ರೊಟ್ಟಿ ಬಡಿಸಿದಳು. ಆಮೇಲೆ ಎದ್ದು, ಮಟಮಟ ಮಧ್ಯಾಹ್ನವೇ ಬಾಗಿಲು ಹಾಕಿ ಚಿಲಕವಿಟ್ಟಳು.

"ಎಲ್ಲಾರೂ ಒಳಗ ಬಂದ್ರು. ಇನ್ನ ಉಣ್ರಿ."