ಮಿಕ್ಕ ಗ್ಯಾಸು

ಸಿಲಿಂಡರು ಎತ್ತಿದ ಕೈಗೇ ಸ್ಟೋರಿನವನಿಗೆ ಗೊತ್ತಾಗಿಹೋಯಿತು. ಖಾಲಿಯದ್ದಾದರೆ ಒಂದೇ ಕೈಯಲ್ಲಿ ಎತ್ತಿ ಲಾರಿಗೆ ಏರಿಸುವವನು. ಇದನ್ನು ಎರಡು ಹೆಜ್ಜೆ ಹೊತ್ತು, ಮೆಟ್ಟಿಲ ಬಳಿಯೇ ಇಳಿಸಿ, ಬಾಗಿಲಲ್ಲಿ ನಿಂತಿದ್ದ ಅವಳ ಮುಖ ನೋಡಿದ.

“ಅಕ್ಕಾ, ಏನಿದು? ಇದ್ರಲ್ಲಿ ಇನ್ನೂ ಮೂರು ಕೆ.ಜಿ. ಇದೆಯಲ್ಲ!”

ಅವಳಿಗೆ ಹೆಮ್ಮೆಯೇ ಆಯಿತು. ಅವಳ ಗಂಡನೂ ಅವನ ಜೊತೆಯವರೂ ಬೆಟ್ಟದ ಮೇಲೆ ಕರೆಂಟಿನ ಗೋಪುರ ನಿಲ್ಲಿಸುವವರು. ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಹದಿನಾಲ್ಕು ಗಾಲಿಮನೆಗಳು. ಒಲೆ, ಗೀಸರು, ಹೀಟರು ಮೂರಕ್ಕೂ ಸೇರಿ ಕಂಪನಿ ಕೊಡುತ್ತಿದ್ದದ್ದು ಮನೆಗೆ ಹದಿನೈದು ದಿನಕ್ಕೊಂದು ಸಿಲಿಂಡರು. ಹನ್ನೊಂದನೆಯ ದಿನಕ್ಕೇ ಬೇರೆಯವರ ಒಲೆ ಆರಿ, ಪಾತ್ರೆ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟುವಂತಾಗುತ್ತಿತ್ತು.

“ಮುಂದಿನ ತಿಂಗಳು ಮಗು ಬರುತ್ತಲ್ಲಪ್ಪ,” ಎಂದು ಹೊಟ್ಟೆಯ ಮೇಲೆ ಕೈಯಿಟ್ಟಳು. “ಕೈ ಬಿಗಿ ಹಿಡಿದು ಅಭ್ಯಾಸ ಮಾಡ್ಕೊಂಡ್ರೆ ಆಗ ಹೀಟರಿಗೆ ತತ್ವಾರ ಆಗಲ್ಲ ಅಂತ.”

ಸ್ಟೋರಿನವನು ಆಚೀಚೆ ನೋಡಿ ದನಿ ತಗ್ಗಿಸಿದ. “ಅಭ್ಯಾಸ ಮಾಡಿ ಕೆಟ್ರಿ ಅಕ್ಕಾ. ನಾಲ್ಕು ಗಂಟೆಗೆ ಸೂಪರ್‌ವೈಸರ್ ಸಾಹೇಬ್ರು ಬರ್ತಾರೆ. ಈ ಸಲ ಎಲ್ಲ ಸಿಲಿಂಡರೂ ಅವರ ಎದುರಿಗೇ ತೂಕ. ಒಂದೇ ಒಂದು ಮನೇಲಿ ಮಿಕ್ಕಿದ್ರೂ ಸಾಕಂತೆ, ಅವರಿಗೆ ಸಾಲೋದು ಮಿಕ್ಕೋರಿಗ್ಯಾಕೆ ಸಾಲಲ್ಲ ಅಂತ, ಹದಿನಾಲ್ಕೂ ಮನೆಗೆ ಇಪ್ಪತ್ತು ದಿನಕ್ಕೊಂದು ಮಾಡ್ತಾರಂತೆ. ಆಫೀಸಿನಲ್ಲಿ ಮಾತಾಡ್ತಿದ್ದದ್ದನ್ನ ನಾನೇ ಕೇಳಿದೆ.”

ಇಪ್ಪತ್ತು ದಿನ! ತನ್ನ ಮಗುವಿಗೆ ಕಾವು ಕೂಡಿಡಲು ಹೋಗಿ ಹದಿಮೂರು ಮನೆಯ ಒಲೆಗೆ ತಾನೇ ನೀರು ಸುರಿದಂತಾಯಿತಲ್ಲ. ತನ್ನ ಮಗುವಿಗಾದರೂ ಏನು ಉಳಿಯಿತು? ಒಳಗೆ ತಿರುಗಿದಳು. ವಾರದ ರಜೆ. ಗಂಡ ಮಂಚದ ಮೇಲೆ ಕೂತು, ಗೋಪುರ ಹತ್ತುವ ಬೆಲ್ಟಿನ ಕೊಂಡಿಗೆ ಎಣ್ಣೆ ಬಿಡುತ್ತಿದ್ದ.

“ರೀ, ನೀವು ಕೆಲಸಕ್ಕೆ ಹೋದ್ಮೇಲೆ ನಾನು ಹೀಟರ್ ಆರಿಸ್ತಿದ್ದೆ, ನಿಜ. ಅದರಲ್ಲಿ ಒಂದು ಕೆ.ಜಿ. ಉಳಿದಿರಬಹುದು. ಇನ್ನೆರಡು ಎಲ್ಲಿಂದ ಬಂತು?”

ಅವನ ಕೈ ನಿಂತಿತು. “ಆರಿಸ್ತಿದ್ಯಾ? ಈ ಹೊಟ್ಟೆ ಹೊತ್ಕೊಂಡು, ಈ ಚಳಿಯಲ್ಲಿ?”

“ನಿಮ್ಮ ಎರಡೂ ಸ್ವೆಟರ್ ಹಾಕ್ಕೋತಿದ್ದೆ. ಮಾತು ಮರೆಸ್ಬೇಡಿ. ಎರಡು ಕೆ.ಜಿ.?”

“ತಣ್ಣೀರು ಮೈಗೆ ಒಳ್ಳೇದು ಅಂತಾರಲ್ಲ…”

“ಹದಿನೈದು ದಿನವೂ ತಣ್ಣೀರಾ? ಮತ್ತೆ ಬಚ್ಚಲಲ್ಲಿ ಅಷ್ಟು ಜೋರಾಗಿ ಹಾಡ್ತಿದ್ರಿ! ಬಿಸಿನೀರು ಬಿದ್ದ ಖುಷಿ ಅಂದ್ಕೊಂಡಿದ್ದೆ.”

“ಹಲ್ಲು ಕಟಕಟ ಅನ್ನೋದು ನಿಂಗೆ ಕೇಳ್ಬಾರದಲ್ಲ ಮಾರಾಯ್ತಿ.”

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನ ಬಿರಿದ ಬೆರಳುಗಳನ್ನು ಹಿಡಿದುಕೊಂಡಳು. ಅವು ಕಬ್ಬಿಣದಷ್ಟೇ ತಣ್ಣಗಿದ್ದವು. ನಗು ಬಂದದ್ದು ಅರ್ಧಕ್ಕೇ ನಿಂತು, ಅದರ ಜಾಗದಲ್ಲಿ ಸಿಟ್ಟು ಉಕ್ಕಿತು.

“ನಾವಿಬ್ಬರೂ ಒಬ್ಬರಿಗೊಬ್ಬರು ಕದ್ದು ನಡುಗಿದ್ದನ್ನ ಈ ಕಂಪನಿಯವರು ತಕ್ಕಡಿಗೆ ಹಾಕಿ, ಲಾಭ ಅಂತ ಒಯ್ತಾರಾ?”

“ವಾಲ್ವ್ ತಿರುಗಿಸಿ ಗಾಳಿಗೆ ಬಿಟ್ಟುಬಿಡ್ಲಾ?” ಎಂದ ಗಂಡ.

“ಹದಿನಾಲ್ಕು ಮನೇನೂ ಒಂದೇ ಕಿಡಿಗೆ ಹಾರಿಹೋಗ್ಲಿ ಅಂತಾನಾ? ಮೊದಲು ಅದನ್ನ ವಾಪಸ್ ಪೈಪಿಗೆ ಜೋಡಿಸಿ. ಬಚ್ಚಲ ಕಿಟಕಿ ಪೂರಾ ತೆಗೀರಿ. ಗೀಸರ್ ಹಚ್ಚಿ. ಮೊದಲ ಸ್ನಾನ ನಿಮ್ಮದು. ಇವತ್ತು ಹಾಡೂ ಬೇಡ, ಪಾಡೂ ಬೇಡ.”

ತಾನು ಹೊರಗಿಳಿದು ಮನೆಮನೆಯ ತಗಡನ್ನೂ ಸೌಟಿನಿಂದ ಬಡಿಯುತ್ತ ಹೋದಳು. ನಾಲ್ಕು ದಿನದಿಂದ ಬಿಸಿನೀರಿನ ಮುಖ ಕಾಣದವರು ಟವೆಲು ಹೆಗಲಿಗೇರಿಸಿ ಬಂದರು. ಕ್ರೇನಿನವನು ಬಂದ, ಅವನ ಅತ್ತೆ ಬಂದಳು, ತಂತಿ ಎಳೆಯುವ ಅಣ್ಣತಮ್ಮಂದಿರು ನಾನು ಮುಂದು ತಾನು ಮುಂದು ಎಂದು ಕಿತ್ತಾಡುತ್ತಲೇ ಬಂದರು. ಹೆಂಗಸರು, ಮಕ್ಕಳು ಮೊದಲು ಎಂದು ಅವಳು ಸೌಟು ಎತ್ತಿ ಸಾಲು ಮಾಡಿಸಿದಳು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಯಿತು, ಬಾಗಿಲು ತೆರೆದೇ ಇದ್ದು ಹೀಟರು ಬೆಟ್ಟವನ್ನೇ ಕಾಯಿಸಿತು. ಗಂಡ ಬಚ್ಚಲಿನಿಂದ ಬಂದಾಗ ಬೆನ್ನು ಕೆಂಪಗಾಗಿತ್ತು. ನೀರು ಸೋರುವ ತಲೆಯಲ್ಲೇ ಅವಳನ್ನು ನೋಡುತ್ತ ನಿಂತ. “ಒರೆಸ್ಕೊಳ್ರೀ, ಶೀತ ಆಗುತ್ತೆ,” ಎಂದು ಅವಳೇ ಅವನ ತಲೆಗೆ ಟವೆಲು ಹಾಕಿದಳು.

“ಸಾಕಪ್ಪ ಇದು, ಯಾವಾಗ ಮುಗಿಯುತ್ತೆ?” ಕ್ರೇನಿನವನ ಅತ್ತೆ ಮೂರನೆಯ ಲೋಟ ಚಹಾ ಹಿಡಿದು ಗೊಣಗಿದಳು. “ಉಳಿಸೋದೂ ಕಷ್ಟ, ಕಳೆಯೋದೂ ಕಷ್ಟ!”

ಕೊನೆಯ ಸರದಿ ಸ್ಟೋರಿನವನದು. ನಾಲ್ಕಕ್ಕೆ ಇನ್ನೇನು ಹತ್ತು ನಿಮಿಷ ಇರಬೇಕು, ಬಚ್ಚಲಿನಿಂದ ಕಿರುಚಿದ: “ಅಕ್ಕಾ! ತಲೆ ತುಂಬಾ ಸೋಪು! ತಣ್ಣೀರು ಬರ್ತಿದೆ!”

ಹೊರಗಿದ್ದ ಮೂವತ್ತು ಜನರೂ ಹೋ ಎಂದು ಕೇಕೆ ಹಾಕಿದರು. ಅವಳು ವಾಲ್ವ್ ಮುಚ್ಚಿ ಸಿಲಿಂಡರು ಅಲ್ಲಾಡಿಸಿದಳು. ಹಗುರ.

ಅಷ್ಟರಲ್ಲಿ ಸೂಪರ್‌ವೈಸರನ ಜೀಪು ತಿರುವು ಹತ್ತಿ ಗಕ್ಕನೆ ನಿಂತಿತು. ಚಳಿಯಲ್ಲಿ ನಿಂತ ಮೂವತ್ತು ಒದ್ದೆ ತಲೆಗಳಿಂದ ಬಿಳಿ ಹಬೆ ಏಳುತ್ತಿತ್ತು. ಅವನು ಗಾಬರಿಯಿಂದ ಹಾರಿಳಿದು ಓಡಿಬಂದ.

“ಏನಿದು ಹೊಗೆ? ಇಲ್ಲೇನಾದ್ರೂ ಬೆಂಕಿ ಹತ್ಕೊಂಡಿದೆಯಾ?”

ಅವಳು ಗಂಡನ ಟವೆಲು ಹಿಂಡಿ ಹಗ್ಗದ ಮೇಲೆ ಹರವಿದಳು.

“ಇನ್ನೂ ಇಲ್ಲ ಸಾಹೇಬ್ರೇ.”