ಹಿತ್ತಾಳೆ ಗುಂಡು

ಪ್ರಯೋಗ ಪರೀಕ್ಷೆ ಮುಗಿಯಲು ಅರ್ಧ ಗಂಟೆ ಇರುವಾಗ ಭೌತಶಾಸ್ತ್ರದ ಮೇಷ್ಟ್ರು ಶಿವಕುಮಾರಸ್ವಾಮಿಯವರ ಕಣ್ಣು ಯಶೋದಳ ಉತ್ತರದ ಮೇಲೆ ಬಿತ್ತು. ಹಿತ್ತಾಳೆಯ ವಿಶಿಷ್ಟ ಉಷ್ಣ ನಾನೂರ ನಲವತ್ತು ಎಂದು ಬರೆದಿದ್ದಳು. ಪುಸ್ತಕದಲ್ಲಿರುವುದು ಮುನ್ನೂರ ಎಂಬತ್ತು.

ಕೊಳ್ಳೇಗಾಲದ ಆ ಕಾಲೇಜಿನಲ್ಲಿ ಈ ಪ್ರಯೋಗಕ್ಕೊಂದು ರೂಢಿಯಿತ್ತು. ಕುದಿಯುವ ನೀರಿನಲ್ಲಿ ಗುಂಡನ್ನು ಕಾಯಿಸಿ, ಕ್ಯಾಲೊರಿಮೀಟರಿನ ತಣ್ಣೀರಿಗೆ ಹಾಕಿ, ನೀರು ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರ್ ನೋಡುವುದು. ಇಷ್ಟೆಲ್ಲ ಭಕ್ತಿಯಿಂದ ಮಾಡಿದ ಮೇಲೆ, ಮುನ್ನೂರ ಎಂಬತ್ತು ಬರುವಂತೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆಯುವುದು. ಮೇಷ್ಟ್ರಿಗೂ ಇದು ಗೊತ್ತಿತ್ತು. ಅವರೂ ಇದೇ ಮೇಜಿನ ಮುಂದೆ ನಿಂತು ಪಿಯುಸಿ ಪಾಸಾದವರೇ. ಗುಂಡು ಕೂಡ ಆಗಿನದೇ.

ಮಗ್ಗದ ಮನೆಯ ಜಾಣ ಹುಡುಗಿ ಸುಮ್ಮನೆ ಆರು ಅಂಕ ಕಳೆದುಕೊಳ್ಳುತ್ತಾಳಲ್ಲ ಎಂದು ಅವರಿಗೆ ಸಂಕಟವಾಯಿತು. ಹತ್ತಿರ ಹೋಗಿ, ಎಲ್ಲರ ಹಾಗೆ ಬರೆದುಬಿಡು ಎಂದು ಮೆಲ್ಲಗೆ ಹೇಳಿದರು.

"ಮೂರ್ ಸಲ ಮಾಡ್ದೆ ಸಾ. ಅಷ್ಟೇ ಬತ್ತದೆ."

ಗುಂಡಿನ ಜೊತೆ ಬಿಸಿನೀರೂ ಒಂದಿಷ್ಟು ಒಳಗೆ ಬಿದ್ದಿರಬೇಕು ಎಂದರು ಮೇಷ್ಟ್ರು.

"ಒರೆಸೇ ಹಾಕ್ದೆ ಸಾ. ನಮ್ಮನೇಲಿ ಒಂದೆಳೆ ತಪ್ಪುದ್ರೂ ಬಿಚ್ಚಿ ಮತ್ತೆ ನೇಯ್ತಾರೆ. ತಪ್ಪು ಎಲ್ಲದೆ ಅಂತ ತೋರ್ಸಿ, ಬಿಚ್ತೀನಿ."

ಮೇಷ್ಟ್ರಿಗೆ ರೇಗಿತು. ತೋರಿಸಿಯೇ ಬಿಡೋಣವೆಂದು ಗುಂಡನ್ನು ಕೈಗೆತ್ತಿಕೊಂಡರು. ಒಂದು ಕಡೆ ಹಳದಿ ಹೊಳಪು ಸವೆದು ಕೆಳಗೆ ಕಪ್ಪಗೆ ಕಾಣುತ್ತಿತ್ತು. ಹಿತ್ತಾಳೆಯಾದರೆ ಒಳಗೂ ಹಳದಿಯೇ ಇರಬೇಕಲ್ಲ? ಪಕ್ಕದ ಮೇಜಿನ ಆಯಸ್ಕಾಂತ ತಂದು ಹಿಡಿದರು. ಗುಂಡು ಟಕ್ಕನೆ ಅಂಟಿಕೊಂಡಿತು.

ಹಿತ್ತಾಳೆ ಅಂಟುವುದಿಲ್ಲ. ಇಷ್ಟು ವರ್ಷ ಹಿತ್ತಾಳೆಯೆಂದು ಮೆರೆದದ್ದು ಮೇಲೆ ಲೇಪ ಹೊತ್ತ ಕಬ್ಬಿಣ. ಕಬ್ಬಿಣವಾದರೆ ಉತ್ತರ ನಾನೂರ ಐವತ್ತರ ಆಸುಪಾಸಿನಲ್ಲೇ ಬರಬೇಕು.

ಅವಳ ಉತ್ತರಕ್ಕೆ ಆರಕ್ಕೆ ಆರು ಹಾಕಿದರು. ಯಶೋದ ಆಯಸ್ಕಾಂತವನ್ನೇ ನೋಡುತ್ತಿದ್ದಳು.

"ಅಲ್ಲ ಸಾ, ಇಷ್ಟ್ ವರ್ಸದಲ್ಲಿ ಒಬ್ರಿಗೂ ಈ ಉತ್ತರ ಬಂದಿರ್ನಿಲ್ವಾ?"

ಶಿವಕುಮಾರಸ್ವಾಮಿ ಗುಂಡನ್ನು ಆಯಸ್ಕಾಂತದಿಂದ ಕಿತ್ತು ಮೇಜಿನ ಮೇಲಿಟ್ಟರು.

"ಬಂದಿತ್ತು ಕಣಮ್ಮ," ಎಂದರು. "ಅಳಿಸ್ಬುಟ್ಟೆ."